ನಾಳೆ ಮಾಸ್ಟರು ಮಂಡಿಯೂರಿದ್ದು

ಪ್ಯಾಂಟು ಹರಿದ ಸದ್ದು ಮೊದಲು ಕೇಳಿಸಿದ್ದು ಟೈಲರ್ ಮಾಸ್ಟರಿಗೇ. ಹೊಲಿಗೆ ಬಿಟ್ಟುಕೊಳ್ಳುವ ಸದ್ದನ್ನು ಅವರಿಗೆ ಯಾರೂ ಪರಿಚಯ ಮಾಡಿಕೊಡಬೇಕಾಗಿರಲಿಲ್ಲ. ಬೇರೆಯವರ ಬಟ್ಟೆಯಿಂದ ಆ ಸದ್ದು ಬಂದಾಗಲೆಲ್ಲ "ನೀವು ಸ್ವಲ್ಪ ದಪ್ಪ ಆಗಿದೀರಿ ಸಾರ್" ಎಂದು ತಪ್ಪನ್ನು ಗಿರಾಕಿಯ ಹೊಟ್ಟೆಯ ಮೇಲೆ ಹೊರಿಸಿ ಸಂಸಾರ ಸಾಗಿಸಿದವರು ಅವರು. ಈ ಸಲ ಮಾತ್ರ ಸದ್ದು ಬಂದದ್ದು ಅವರದೇ ಬೆನ್ನಿನ ಕೆಳಗಿನಿಂದ. ಬೆಲ್ಟಿನ ಹತ್ತಿರ ಶುರುವಾಗಿ, ಎಲ್ಲೂ ತಡೆಯದೆ ಸಾಗಿ, ಇನ್ನು ಬಿಚ್ಚಿಕೊಳ್ಳಲು ಹೊಲಿಗೆಯೇ ಉಳಿದಿಲ್ಲ ಎಂಬಲ್ಲಿ ಬಂದು ನಿಂತಿತು. ಆಮೇಲೆ ತಣ್ಣನೆಯ ಗಾಳಿ.

ಜಾಗ, ಚರ್ಚಿನ ವೇದಿಕೆಯ ಮುಂಭಾಗ. ಹೊತ್ತು, ಭಾನುವಾರದ ಆರಾಧನೆಯ ಕೊನೆ. ಮಾಸ್ಟರು ಮಂಡಿಯೂರಿದ್ದರು, ಅವರ ಹಿಂದೆ ಇಡೀ ಸಭೆ ಕೂತಿತ್ತು.

ಆ ದಿನ ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ತೆಳ್ಳಗಿನ ಆಳು, ದಪ್ಪ ಕಂಠ. "ಜೀವನದಲ್ಲಿ ಮುಕ್ಕಾಲು ಭಾಗ ದೇವರಿಗೆ ಕೊಟ್ಟು ಕಾಲು ಭಾಗ ಬಚ್ಚಿಟ್ಕೊಂಡಿರೋರು ಇಲ್ಲಿ ಯಾರಿದೀರಿ? ಯೇಸುಸ್ವಾಮಿಗೆ ಪೂರ್ತಿ ಒಪ್ಪಿಸಿಕೊಡೋ ಮನಸ್ಸಿರೋರು ಮುಂದೆ ಬನ್ನಿ. ಉಳಿದೋರೆಲ್ಲ ತಲೆ ಬಗ್ಗಿಸಿ ಕಣ್ಣು ಮುಚ್ಚಿ" ಎಂದಿದ್ದರು. ಮಾಸ್ಟರು ಉಳಿದವರ ಪೈಕಿಯವರಾಗಿ ಬಹಳ ಶ್ರದ್ಧೆಯಿಂದ ಕಣ್ಣು ಮುಚ್ಚಿದ್ದರು. ಆಗ ಬೆನ್ನಿನ ನಡುವೆ ಏನೋ ತಿವಿಯಿತು. ಅದು ಅಮ್ಮನ ಕನ್ನಡಕದ ಡಬ್ಬಿ. ಅಮ್ಮ ಮಗನನ್ನು ಯಾವಾಗಲೂ ತನ್ನ ಮುಂದಿನ ಬೆಂಚಿನಲ್ಲೇ ಕೂರಿಸುತ್ತಿದ್ದರು. ಹುಡುಗ ತೂಕಡಿಸದಂತೆ ಕಾಯಲೆಂದು ಶುರುವಾದ ಏರ್ಪಾಡು, ಹುಡುಗನ ನೆತ್ತಿ ಬೋಳಾದರೂ ಬದಲಾಗಿರಲಿಲ್ಲ.

"ಎದ್ದು ಹೋಗೋ," ಅಮ್ಮ ಪಿಸುಗುಟ್ಟಿದರು.

"ನಾಳೆ ನೋಡೋಣಮ್ಮ."

"ನಾಳೆ ಸೋಮವಾರ. ಹೋಗು."

ಹೋದರು. ಮಂಡಿಯೂರಿದರು. ಹರಿಯಿತು.

ಎಲ್ಲರೂ ಕಣ್ಣು ಮುಚ್ಚಿದ್ದದ್ದು ಒಂದು ಕೃಪೆ. ಕೀಬೋರ್ಡು ಜೋರಾಗಿ ನುಡಿಯುತ್ತಿದ್ದದ್ದು ಇನ್ನೊಂದು. ಮಾಸ್ಟರು ತಟ್ಟನೆ ಹಿಮ್ಮಡಿಯ ಮೇಲೆ ಕುಕ್ಕರಿಸಿ, ಎಡಗೈ ಹಿಂದಕ್ಕೆ ಹಾಕಿ, ಹರಿದ ಎರಡೂ ಅಂಚುಗಳನ್ನು ಸೇರಿಸಿ ಗಟ್ಟಿಯಾಗಿ ಹಿಡಿದುಕೊಂಡರು. ಅಷ್ಟರಲ್ಲಿ ಪ್ರಸಂಗಿಯ ಅಂಗೈ ಅವರ ಬೋಳು ನೆತ್ತಿಯ ಮೇಲೆ ಬಂದು ಕೂತಿತು.

"ಬ್ರದರ್, ಬಿಟ್ಟುಬಿಡಿ. ಏನು ಗಟ್ಟಿಯಾಗಿ ಹಿಡ್ಕೊಂಡಿದೀರೋ ಅದನ್ನ ಬಿಟ್ಟುಬಿಡಿ."

"ಆಗಲ್ಲ ಸಾರ್," ಎಂದರು ಮಾಸ್ಟರು. ಅವರು ಚರ್ಚಿನೊಳಗೆ ಅಷ್ಟು ಪ್ರಾಮಾಣಿಕವಾಗಿ ಮಾತಾಡಿದ್ದು ಅದೇ ಮೊದಲು.

"ಆಗುತ್ತೆ ಬ್ರದರ್. ಪ್ರಯತ್ನ ಮಾಡಿ."

"ಈಗಂತೂ ಆಗೋದೇ ಇಲ್ಲ ಸಾರ್."

ಹಣೆಯ ಬೆವರು ಇಳಿದು ಕೆನ್ನೆಗೆ ಬಂತು. ಪ್ರಸಂಗಿ ಅದನ್ನು ಕಣ್ಣೀರೆಂದುಕೊಂಡು ತಾವೂ ಕಣ್ಣೊರೆಸಿಕೊಂಡರು. ಮುಂದೆ ಬಂದಿದ್ದ ಬೇರೆಯವರೆಲ್ಲ ಪ್ರಾರ್ಥನೆ ಮುಗಿಸಿ ಎದ್ದು ಹೋದರು. ಮಾಸ್ಟರು ಏಳಲಿಲ್ಲ. ಕೊನೆಯ ಹಾಡು ಮುಗಿಯಿತು, ಆಶೀರ್ವಾದ ಮುಗಿಯಿತು, ಏಳಲಿಲ್ಲ. ಜನ ಚಪ್ಪಲಿಯ ಸದ್ದಾಗದಂತೆ ಹೆಜ್ಜೆ ಇಟ್ಟು ಹೊರಗೆ ಹೋದರು. ಕ್ವಾಯರಿನಲ್ಲಿ ಹಾಡುತ್ತಿದ್ದ ಹೆಂಡತಿ ಎದುರಿನಿಂದ ಗಂಡನ ಮುಖವನ್ನಷ್ಟೇ ಕಂಡು, ಬೆರಗಾಗಿ, ಅತ್ತೆಯ ತೋಳು ಹಿಡಿದು ಕರೆದುಕೊಂಡು ಹೋದಳು. "ಅವರನ್ನ ಅವರ ಪಾಡಿಗೆ ಬಿಡಿ," ಎಂದು ಪಾಸ್ಟರೂ ಮೆಲ್ಲಗೆ ಹೇಳಿದರು.

ಉಳಿದವನೆಂದರೆ ಗಂಟೆ ತಾತ. ಚರ್ಚಿನ ಗಂಟೆ ಹೊಡೆಯುವುದು, ಬಾಗಿಲು ಹಾಕುವುದು ಅವನ ಕೆಲಸ. ಬೀಗದ ಕೈ ಹಿಡಿದು, ಕೊನೆಯ ಬೆಂಚಿಗೆ ಒರಗಿ ನಿಂತು, ಅವನು ಹೋಗುವ ಹಾಗೆಯೇ ಕಾಣಲಿಲ್ಲ. ಕಾಲು ಜೋಮು ಹಿಡಿದು, ಇನ್ನು ಕೂತರೆ ಪರಲೋಕಕ್ಕೆ ಇಲ್ಲಿಂದಲೇ ಹೊರಡಬೇಕಾಗುತ್ತದೆ ಅನ್ನಿಸಿದಾಗ ಮಾಸ್ಟರು ಎದ್ದರು. ಮುಖ ವೇದಿಕೆಯ ಕಡೆ, ಕೈ ಹಿಂದೆ. ಹಾಗೇ ಹಿಂದು ಹಿಂದಕ್ಕೆ ಹೆಜ್ಜೆ ಇಡುತ್ತ, ಒಂದೆರಡು ಬೆಂಚಿಗೆ ಢಿಕ್ಕಿ ಹೊಡೆಯುತ್ತ, ಬಾಗಿಲ ಹತ್ತಿರ ಬಂದಾಗ ಗೋಡೆಗೆ ಬೆನ್ನು ಹಚ್ಚಿ, ತಾತನನ್ನು ಸುತ್ತು ಹಾಕಿ ಹೊರಗೆ ಹೋದರು.

ಗಂಟೆ ತಾತ ಸಂಜೆಯೊಳಗೆ ಎಲ್ಲರಿಗೂ ಹೇಳಿಬಿಟ್ಟ: "ದೇವರಿಗೆ ಬೆನ್ನು ತೋರಿಸ್ಲಿಲ್ಲ ಕಣ್ರೀ ಆ ಮನುಷ್ಯ! ಹಿಂದು ಹಿಂದಕ್ಕೇ ನಡ್ಕೊಂಡು ಹೋದ್ರು. ನನ್ನ ಆಯಸ್ಸಲ್ಲಿ ಅಂಥಾ ಭಕ್ತಿ ನೋಡಿಲ್ಲ."

ಮಾಸ್ಟರಿಗೆ ಊರಿನಲ್ಲಿ ಒಂದು ಅಡ್ಡಹೆಸರಿತ್ತು: ನಾಳೆ ಮಾಸ್ಟರು. ಯಾವ ಬಟ್ಟೆ ಯಾವಾಗ ಕೇಳಿದರೂ "ನಾಳೆ ಬನ್ನಿ, ಗುಂಡಿ ಒಂದು ಬಾಕಿ" ಎಂಬುದು ಅವರ ಉತ್ತರ. ಆ ಹೊತ್ತಿಗೆ ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುತ್ತಿರಲಿಲ್ಲ. ಆದರೆ ಹೊಲಿಗೆ ಚೆನ್ನಾಗಿತ್ತು, ಬಾಯಿ ಇನ್ನೂ ಚೆನ್ನಾಗಿತ್ತು. ಜನ ಬೈದುಕೊಂಡೇ ಬರುತ್ತಿದ್ದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಬೀದಿಗೆ ಮುಖ ಮಾಡಿದ ಕತ್ತರಿಸುವ ಮೇಜು, ಗೋಡೆಯ ಪಕ್ಕ ಎರಡು ಮಿಷನ್ನು. ಒಂದು ಮಾಸ್ಟರದು, ಇನ್ನೊಂದು ಅಮ್ಮನದು, ಬಟ್ಟೆ ಹೊದಿಸಿಟ್ಟದ್ದು. ಗಂಡ ತೀರಿಕೊಂಡ ಮೇಲೆ ಅಮ್ಮ ಆ ಮಿಷನ್ನು ತುಳಿದು ಮಗನನ್ನು ಸಾಕಿದ್ದರು, ಅದರ ಮೇಲೇ ಅವನಿಗೆ ಕಸುಬು ಕಲಿಸಿದ್ದರು. ಮೇಜಿನ ಕೆಳಗೆ ಒಂದು ತಗಡಿನ ಪೆಟ್ಟಿಗೆ.

ಆ ಪೆಟ್ಟಿಗೆಯ ವಿಷಯ ಹೇಳಲೇಬೇಕು. ಬಟ್ಟೆ ಹೊಲಿದ ಮೇಲೆ ತುಂಡುಗಳು ಉಳಿಯುತ್ತವೆ. ಅಮ್ಮನ ಕಾಲದಲ್ಲಿ ಆ ತುಂಡುಗಳನ್ನು ಮಡಚಿ, ಹೊಲಿದ ಬಟ್ಟೆಯ ಜೇಬಿನಲ್ಲಿಟ್ಟು ಗಿರಾಕಿಗೆ ಕೊಡುವುದು ಪದ್ಧತಿ. ಅಂಗಡಿ ಮಗನ ಕೈಗೆ ಬಂದ ಮೇಲೆ ತುಂಡುಗಳು ಜೇಬಿನ ದಾರಿ ಮರೆತು ಪೆಟ್ಟಿಗೆಯ ದಾರಿ ಹಿಡಿದವು. ಯಾರಾದರೂ ಕೇಳಿದರೆ "ಕತ್ತರಿ ತಿಂತು ಸಾರ್" ಎನ್ನುತ್ತಿದ್ದರು. ಕತ್ತರಿಗೆ ಹಸಿವು ಬರಬರುತ್ತಾ ಜಾಸ್ತಿಯಾಯಿತು. ಒಂದು ಇಂಚು ಇಲ್ಲಿ, ಒಂದು ಗೇಣು ಅಲ್ಲಿ. ಕಳ್ಳತನ ಎಂದು ಮಾಸ್ಟರಿಗೆ ಯಾವತ್ತೂ ಅನ್ನಿಸಿರಲಿಲ್ಲ. ಬಟ್ಟೆಯ ವಿಷಯದಲ್ಲಿ ತಮ್ಮ ಮನಸ್ಸಾಕ್ಷಿಗೆ ಬಹಳ ಚೆನ್ನಾಗಿ ಇಸ್ತ್ರಿ ಮಾಡಿಟ್ಟಿದ್ದರು; ಒಂದು ಸುಕ್ಕೂ ಇರಲಿಲ್ಲ.

ಹಿಂದಿನ ವರ್ಷ ಚರ್ಚಿನವರು ಕ್ವಾಯರಿಗೆಲ್ಲ ಗೌನು ಹೊಲಿಸಿದರು. ಕಡುನೀಲಿ ಬಟ್ಟೆ, ಒಳ್ಳೇ ತೂಕ, ಕೈಗೆ ಬೆಣ್ಣೆಯಂತೆ. ಮಾಸ್ಟರು ಅದನ್ನು ಸವರಿ ನೋಡಿದಾಗಲೇ ಕತ್ತರಿ ಬಾಯಿ ತೆರೆಯಿತು. ಪ್ರತಿ ತೋಳಿನಿಂದ ಒಂದಿಷ್ಟು, ಪ್ರತಿ ಅಂಚಿನಿಂದ ಒಂದಿಷ್ಟು. ಗೌನು ಬಂದ ಮೇಲೆ ಹಾಡುವವರು ಕೈ ಎತ್ತಿದರೆ ತೋಳು ಮೊಣಕೈಗೆ ಓಡುತ್ತಿತ್ತು. ಕ್ವಾಯರಿನ ಯಜಮಾನಿ ಮೇಷ್ಟ್ರಮ್ಮ ಕೇಳಿದ್ದಕ್ಕೆ "ಒಗೆದಾಗ ಕುಗ್ಗುತ್ತೆ ಮೇಡಂ, ಬಟ್ಟೆ ಗುಣ" ಎಂದರು. ಗೌನುಗಳನ್ನು ಇನ್ನೂ ಒಗೆದೇ ಇಲ್ಲ ಎಂದು ಮೇಷ್ಟ್ರಮ್ಮ ಜ್ಞಾಪಿಸಿದಾಗ, "ಹವೆಗೂ ಕುಗ್ಗುತ್ತೆ" ಎಂದರು.

ಹಾಗೆ ಉಳಿದ ಬಟ್ಟೆಯಲ್ಲಿ ಹುಟ್ಟಿದ್ದು ಈ ಪ್ಯಾಂಟು. ತುಂಡಿಗೆ ತುಂಡು ಸೇರಿಸಿ ಹೇಗೋ ಎರಡು ಕಾಲಾಯಿತು. ಹಿಂಭಾಗದ ಹೊಲಿಗೆಯ ಒಳಗೆ ಬಿಡಬೇಕಾದ ಒಂದು ಇಂಚಿಗೆ ಮಾತ್ರ ಬಟ್ಟೆ ಸಾಲಲಿಲ್ಲ. ಅಳತೆಯೋ, ಅವರ ಮದುವೆ ಕಾಲದ್ದು. ಸ್ವಂತ ಸೊಂಟಕ್ಕೆ ಟೇಪು ಸುತ್ತಿ ಸತ್ಯ ತಿಳಿಯುವ ಧೈರ್ಯ ಯಾವ ಟೈಲರಿಗಿದೆ!

ಸೋಮವಾರದಿಂದ ಮಾಸ್ಟರ ಬದುಕು ನರಕವಾಯಿತು. ಜನ ಅವರನ್ನು ಗೌರವಿಸತೊಡಗಿದರು.

ಹೊಲಿಯಲು ಕೊಟ್ಟ ಕೋಟಿಗಾಗಿ ತಿಂಗಳಿಂದ ಅಲೆಯುತ್ತಿದ್ದ ಬ್ಯಾಂಕಿನ ಗುಮಾಸ್ತರು ಬಾಗಿಲಲ್ಲೇ ನಿಂತು, "ಕೋಟಿಗೆ ಅವಸರ ಇಲ್ಲ ಮಾಸ್ಟ್ರೇ. ನೀವೀಗ ಬೇರೆ ಮಟ್ಟದಲ್ಲಿದೀರಿ," ಎಂದು ಹೊರಟುಹೋದರು. ಹಿಂದಿನ ವಾರದವರೆಗೆ ಬೈಯುತ್ತಿದ್ದ ಮನುಷ್ಯ! ಪಕ್ಕದ ಬೇಕರಿಯಾಕೆ ತನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಪ್ರಾರ್ಥಿಸಬೇಕೆಂದು ಕೇಳಿದಳು. ಮಾಸ್ಟರು ಬೆದರಿ "ನಾಳೆ ಬನ್ನಿ" ಎಂದರು. ಆಕೆ ಅದಕ್ಕೂ ಕಣ್ಣಲ್ಲಿ ನೀರು ತುಂಬಿಕೊಂಡು ಹೋದಳು. ಬೀದಿಯಲ್ಲಿ ಹೋಗುವವರು ಅಂಗಡಿಯ ಮುಂದೆ ದನಿ ತಗ್ಗಿಸುತ್ತಿದ್ದರು. ಹರಿದ ಪ್ಯಾಂಟು ಅದೇ ಅಂಗಡಿಯ ತಗಡಿನ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು ಮಲಗಿತ್ತು.

ಎಲ್ಲಕ್ಕಿಂತ ಕಷ್ಟವಾದದ್ದು ಅಮ್ಮ. ಅಡುಗೆಮನೆಯಲ್ಲಿ ಗುನುಗುತ್ತಿದ್ದರು, ಅಷ್ಟೆ. ಆ ಮನೆಯಲ್ಲಿ ಅಮ್ಮ ಗುನುಗಿದ್ದನ್ನು ಮಾಸ್ಟರು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಮಗ ಎದುರಿಗೆ ಬಂದರೆ ಅವನನ್ನೇ ಒಂದು ಗಳಿಗೆ ನೋಡಿ, ಮತ್ತೆ ಗುನುಗು. ಮಗನಿಗಾಗಿ ಅಷ್ಟು ವರ್ಷ ಮಂಡಿ ಸವೆಸಿದ ಹೆಂಗಸು. ಆಕೆಗೆ ಹೋಗಿ "ಅಮ್ಮ, ಅದು ಪ್ಯಾಂಟು" ಎಂದು ಹೇಳುವುದು ಹೇಗೆ? ಮಾಸ್ಟರು ಅಡುಗೆಮನೆಯ ಬಾಗಿಲವರೆಗೆ ಹೋಗುವುದು, ನೀರು ಕುಡಿದು ವಾಪಸ್ಸು ಬರುವುದು. ಆ ವಾರ ಅವರು ಕುಡಿದಷ್ಟು ನೀರು ಯಾರೂ ಕುಡಿದಿರಲಾರರು.

ಗುರುವಾರ ಪಾಸ್ಟರು ಬಂದರು. "ಮಾಸ್ಟ್ರೇ, ಈ ಭಾನುವಾರ ನಿಮ್ಮ ಸಾಕ್ಷಿ. ನಡೆದಿದ್ದನ್ನ ಸಭೆ ಮುಂದೆ ಹೇಳ್ಬೇಕು. ಎಷ್ಟೋ ಜನರಿಗೆ ಬಲ ಬರುತ್ತೆ."

"ನನಗೆ ಮಾತಾಡಕ್ಕೆ ಬರಲ್ಲ ಪಾಸ್ಟ್ರೇ."

"ನಿಮಗಾ?" ಪಾಸ್ಟರು ನಕ್ಕರು. "ನನ್ನ ಅಂಗಿ ಯಾಕೆ ತಡ ಅಂತ ಹೇಳಿದಿರಲ್ಲ, ಅದೇ ಒಂದು ಪ್ರಸಂಗ ಆಗಿತ್ತು."

ಅವರು ಹೋದ ಮೇಲೆ ಮಾಸ್ಟರು ಬಾಬಿನ್ನಿಗೆ ದಾರ ಸುತ್ತುತ್ತ ಯೋಚಿಸಿದರು. ಸಾಕ್ಷಿ ಹೇಳುವವರನ್ನು ಅವರು ಬಹಳ ಕೇಳಿದ್ದರು. ಒಬ್ಬ ಕುಡುಕನಾಗಿದ್ದ, ಒಬ್ಬ ಜೂಜುಗಾರನಾಗಿದ್ದ, ಒಬ್ಬನಂತೂ ಊರಿಗೂರೇ ಬೆಚ್ಚುವ ರೌಡಿಯಾಗಿದ್ದ. ತಾವು ಕುಡಿದಿಲ್ಲ, ಜೂಜಾಡಿಲ್ಲ. ಕೈ ಎತ್ತಿ ಒಂದು ನೊಣ ಹೊಡೆದಿದ್ದರೆ ಅದೇ ಹೆಚ್ಚು. ಹೇಳಿಕೊಳ್ಳುವಂಥ ಒಂದು ಪಾಪವೂ ಇಲ್ಲದೆ ಸಭೆಯ ಮುಂದೆ ನಿಲ್ಲುವುದು ಹೇಗೆ?

"ಏನು ಹೇಳ್ಲಿ ಕಣೆ?" ಎಂದು ಕಾಜಾ ಹಾಕುತ್ತ ಕೂತಿದ್ದ ಹೆಂಡತಿಯನ್ನು ಕೇಳಿದರು.

ಅವಳು ದಾರವನ್ನು ಹಲ್ಲಿನಲ್ಲಿ ಕಡಿದಳು. "ಗೌನಿನ ತೋಳಿನ ವಿಷಯ ಹೇಳಿ. ಅಷ್ಟು ಸಾಕು."

ಮಾಸ್ಟರ ಕೈಯಲ್ಲಿದ್ದ ಬಾಬಿನ್ನು ನೆಲಕ್ಕೆ ಬಿದ್ದು ಉರುಳಿತು.

"ಏನ್ರೀ ಹಾಗೆ ನೋಡ್ತೀರಿ? ಗೌನಿಗೆ ಅಂಚು ಹೊಲಿದವಳು ನಾನು, ಪ್ಯಾಂಟಿಗೆ ಗುಂಡಿ ಹಾಕಿದವಳೂ ನಾನೇ. ನನ್ನ ಬೆರಳಿಗೆ ಬಟ್ಟೆ ಗೊತ್ತಾಗಲ್ವಾ? ಪ್ರತಿ ವಾರ ತೋಳು ಎಳ್ಕೊಂಡು ಹಾಡ್ತೀನಿ. ಎದುರಿಗೆ ನೀವು ಅದೇ ಬಟ್ಟೇಲಿ ಕಾಲ ಮೇಲೆ ಕಾಲು ಹಾಕ್ಕೊಂಡು ಕೂತಿರ್ತೀರಿ. ನನ್ನ ಸ್ವರ ಹೊಟ್ಟೆಯಿಂದ ಮೇಲಕ್ಕೇ ಬರಲ್ಲ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಏನಂತಿದ್ರಿ? ನಾಳೆ ನೋಡೋಣ ಅಂತಿದ್ರಿ."

ಹೆಂಡತಿ ಎದ್ದು ಒಳಗೆ ಹೋದಳು. ಬಾಬಿನ್ನು ಉರುಳಿ ತಗಡಿನ ಪೆಟ್ಟಿಗೆಗೆ ತಾಗಿ ನಿಂತಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದ ಮಾಸ್ಟರು ಅಲ್ಲೇ ಮೇಜಿನ ಕೆಳಗೆ ಕೂತುಬಿಟ್ಟರು. ಬೀದಿಗೆ ಕಾಣುತ್ತಿದ್ದದ್ದು ಅವರ ಕಾಲು ಮಾತ್ರ.

ಮೊದಲು ಸಿಟ್ಟು ಬಂತು. ಯಾರೂ ನೋಡದ ನಾಲ್ಕು ತುಂಡಿಗೆ ಇಷ್ಟೆಲ್ಲಾ ರಂಪವೇ? ಆಮೇಲೆ ಮುಚ್ಚಳ ತೆಗೆದರು. ಮೇಲೆ ನೀಲಿ ಪ್ಯಾಂಟು. ಅದರ ಕೆಳಗೆ ಪಾಸ್ಟರ ಅಂಗಿಯ ಬಿಳಿ. ಬೇಕರಿಯಾಕೆಯ ಮಗಳ ಮದುವೆಯ ರೇಷ್ಮೆ. ಗುಮಾಸ್ತರ ಕೋಟಿನ ಬೂದು. ಕೋಟೇ ಹೊಲಿದಿಲ್ಲ, ತುಂಡು ಆಗಲೇ ಇಲ್ಲಿದೆ! ಇನ್ನೂ ಕೆಳಗೆ ಹೋದಂತೆ ಇಡೀ ಸಭೆಯೇ ಸಣ್ಣ ಸಣ್ಣದಾಗಿ ಮಡಚಿಕೊಂಡು ಮಲಗಿತ್ತು. ಕಿವಿಯಿಂದ ಶುರುವಾದ ಬಿಸಿ ಕುತ್ತಿಗೆಗೆ ಇಳಿಯಿತು. ಪ್ಯಾಂಟು ಹರಿದಾಗಲೂ ಅವರಿಗೆ ಇಷ್ಟು ಬೆತ್ತಲೆ ಅನ್ನಿಸಿರಲಿಲ್ಲ.

"ಸ್ವಾಮಿ," ಎಂದರು, ಯಾರಿಗೂ ಕೇಳಿಸದಂತೆ. "ಗೌನಿನದ್ದು ವಾಪಸ್ ಕೊಡ್ತೀನಿ."

ಯಾವ ಉತ್ತರವೂ ಇಲ್ಲ.

"ಸರಿ, ಪಾಸ್ಟ್ರದ್ದೂ."

ಉತ್ತರವಿಲ್ಲ. ಮಾಸ್ಟರಿಗೆ ತಮ್ಮ ಮೇಲೇ ಅಸಹ್ಯ ಬಂತು. ಗಿರಾಕಿಗಳು ಮೇಜಿನ ಮೇಲ್ಗಡೆ ನಿಂತು ಮಾಡುವ ಚೌಕಾಸಿಯನ್ನು ತಾವು ಮೇಜಿನ ಕೆಳಗೆ ಕೂತು ಯೇಸುಸ್ವಾಮಿಯ ಹತ್ತಿರ ಮಾಡುತ್ತಿದ್ದಾರೆ. ಈ ತೋಳಿಗೆ ಇಷ್ಟು, ಈ ಅಂಚಿಗೆ ಇಷ್ಟು ಎಂದು ದೇವರಿಗೇ ಅಳತೆ ಹಿಡಿಯುವುದೇ? ಅವರು ಶಿಲುಬೆಯ ಬಗ್ಗೆ ಅಲ್ಲಿಯವರೆಗೆ ಹಾಡು ಹಾಡಿದ್ದರೇ ಹೊರತು ಯೋಚಿಸಿದವರಲ್ಲ. ಅಲ್ಲಿ ಜಡಿಸಿಕೊಂಡವನ ಮೈಮೇಲಿನ ಬಟ್ಟೆಯನ್ನೂ ಜನ ಹಂಚಿಕೊಂಡರಲ್ಲ, ಅದು ಈಗ ನೆನಪಿಗೆ ಬಂತು. ನಾನು ಅಲ್ಲಿದ್ದಿದ್ದರೆ? ಖಂಡಿತ ಒಂದು ತುಂಡು ಮಡಚಿ ಪೆಟ್ಟಿಗೆಗೆ ಹಾಕಿಕೊಳ್ಳುತ್ತಿದ್ದೆ ಅನ್ನಿಸಿತು. ಅವರು ಮುಖ ಮುಚ್ಚಿಕೊಂಡರು. ಈ ಸಲ ಕೆನ್ನೆಗೆ ಇಳಿದದ್ದು ಬೆವರಲ್ಲ.

"ಎಲ್ಲಾನೂ ತಗೋ ಸ್ವಾಮಿ," ಎಂದರು ಕೊನೆಗೆ. "ಪೆಟ್ಟಿಗೇನೂ ತಗೋ, ಪೆಟ್ಟಿಗೆ ಇಟ್ಕೊಂಡೋನನ್ನೂ ತಗೋ. ಅಮ್ಮನ ಮುಖ ಹೇಗೆ ನೋಡ್ಲಿ, ಅದೊಂದು ನೀನೇ ಹೇಳ್ಕೊಡು."

ಭಾನುವಾರ ಮಾಸ್ಟರು ಒಂದು ಚೀಲ ಹಿಡಿದು ವೇದಿಕೆ ಹತ್ತಿದರು. ಸಭೆ ಉಸಿರು ಬಿಗಿಹಿಡಿದು ಕೂತಿತ್ತು. ಎರಡನೇ ಸಾಲಿನಲ್ಲಿ ಅಮ್ಮ. ಮುಂದಿನ ಬೆಂಚು ಖಾಲಿ.

"ಹೋದ ವಾರ ನಾನು ಇಲ್ಲಿ ಬಹಳ ಹೊತ್ತು ಮಂಡಿಯೂರಿದ್ದೆ," ಎಂದರು.

"ಸ್ತೋತ್ರ!" ಎಂದ ಗಂಟೆ ತಾತ.

"ಸ್ತೋತ್ರ ಬೇಡ ತಾತ, ತಡ್ಕೋ. ಯಾಕೆ ಏಳ್ಲಿಲ್ಲ ಅಂದ್ರೆ, ಪ್ಯಾಂಟು ಹಿಂದುಗಡೆ ಹರಿದಿತ್ತು."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಕ್ವಾಯರಿನಿಂದ ಯಾರೋ ಮೂಗಿನಲ್ಲಿ ಕಿಸಕ್ಕೆಂದರು. ಅಷ್ಟೇ ಸಾಕಾಯಿತು; ನಗು ಬೆಂಚಿನಿಂದ ಬೆಂಚಿಗೆ ಹಾರಿ ಇಡೀ ಚರ್ಚು ಕುಲುಕಾಡಿತು. ಬ್ಯಾಂಕಿನ ಗುಮಾಸ್ತರು ಕಣ್ಣೀರು ಒರೆಸಿಕೊಂಡರು. ಪಾಸ್ಟರು ಮಾತ್ರ ನಗಬೇಕೋ ನಿಲ್ಲಿಸಬೇಕೋ ತಿಳಿಯದೆ ಬೈಬಲ್ಲಿನ ಹಾಳೆ ತಿರುವಿದರು. ಅಲ್ಲಿಗೇ ನಿಲ್ಲಿಸಿದ್ದರೆ ಮಾಸ್ಟರು ಊರಿನ ಅಚ್ಚುಮೆಚ್ಚಿನವರಾಗಿ ಕೆಳಗಿಳಿಯಬಹುದಿತ್ತು. ಅದು ಅವರಿಗೂ ಹೊಳೆಯಿತು. ಕಾಲು ಒಂದು ಹೆಜ್ಜೆ ಮೆಟ್ಟಿಲ ಕಡೆ ಹೋಯಿತು ಕೂಡ. ಆದರೆ ಕೈ ಚೀಲದೊಳಗೆ ಹೋಗಿ ಪ್ಯಾಂಟನ್ನು ಹೊರಗೆ ತೆಗೆದು ಎತ್ತಿ ಹಿಡಿಯಿತು.

"ಮೇಷ್ಟ್ರಮ್ಮ, ಈ ಬಟ್ಟೆ ನೋಡಿ. ನಿಮ್ಮ ತೋಳಿನ ಪಕ್ಕ ಹಿಡಿದು ನೋಡಿ."

ನಗು ಒಂದೊಂದೇ ಬೆಂಚಿನಿಂದ ಆರಿಹೋಯಿತು.

"ಬಟ್ಟೆ ಕುಗ್ಗಿರ್ಲಿಲ್ಲ. ನಾನು ಕದ್ದಿದ್ದೆ. ನಿಮ್ಮೆಲ್ಲರ ಬಟ್ಟೆಯಲ್ಲೂ ಕದ್ದಿದೀನಿ, ಪೆಟ್ಟಿಗೆ ತುಂಬಾ ಇದೆ. ಹೋದ ವಾರ ನಾನು ದೇವರಿಗೆ ಏನೂ ಕೊಡ್ಲಿಲ್ಲ. ಮುಚ್ಕೊಂಡು ಕೂತಿದ್ದೆ, ಅಷ್ಟೆ. ನೀವು ಹೊಗಳಿದ್ರಿ, ಅದನ್ನೂ ಜೇಬಿಗೆ ಹಾಕ್ಕೊಂಡೆ." ಅವರು ಪ್ಯಾಂಟನ್ನು ಕೆಳಗಿಳಿಸಿದರು. "ಕೊಡೋದಿದ್ರೆ ಈಗ ಕೊಡ್ತಾ ಇದೀನಿ. ಸ್ವಾಮಿ ಇಂಥವನನ್ನ ಬೇಕು ಅಂದ್ರೆ ತಗೊಳ್ಳಲಿ. ನಾಚಿಕೆ ಆಗ್ತಿದೆ. ಇದಕ್ಕಿಂತ ಹೆಚ್ಚು ಹೇಳಕ್ಕೆ ಬರಲ್ಲ."

ಯಾರೂ ಸ್ತೋತ್ರ ಎನ್ನಲಿಲ್ಲ. ಮಾಸ್ಟರು ಇಳಿದು ಬಂದು ತಮ್ಮ ಬೆಂಚಿನಲ್ಲಿ ಕೂತರು. ಬೆನ್ನಿಗೆ ಕನ್ನಡಕದ ಡಬ್ಬಿ ತಿವಿಯಲಿ ಎಂದು ಅವರು ಆ ಹೊತ್ತಿನಲ್ಲಿ ಬಯಸಿದಷ್ಟು ಯಾವತ್ತೂ ಬಯಸಿರಲಿಲ್ಲ. ತಿವಿಯಲಿಲ್ಲ.

ಮನೆಯಲ್ಲಿ ಗುನುಗು ನಿಂತುಹೋಗಿತ್ತು. ಎರಡು ದಿನ ತಡೆದು ಮಾಸ್ಟರು ಅಡುಗೆಮನೆಯ ಬಾಗಿಲಿಗೆ ಹೋದರು. ಈ ಸಲ ನೀರು ಕುಡಿಯಲಿಲ್ಲ.

"ಅಮ್ಮ, ಪ್ಯಾಂಟು ಹರಿದಿದ್ದು ಮುಂಚೇನೇ ನಿನಗೆ ಹೇಳ್ಬೇಕಿತ್ತು."

"ಹರಿದಿದ್ದು ನಾನು ನೋಡಿದ್ದೆ," ಎಂದರು ಅಮ್ಮ.

"ಎಲ್ಲರೂ ಕಣ್ಣು ಮುಚ್ಚಿದ್ರಲ್ಲ!"

"ನಿನ್ನನ್ನ ಕಾಯೋಳು ಕಣ್ಣು ಮುಚ್ಕೊಂಡು ಕೂತ್ರೆ ಆಗುತ್ತಾ?"

"ಮತ್ತೆ ವಾರವೆಲ್ಲ ಗುನುಗ್ತಾ ಇದ್ದೆ?"

"ಮಂಡಿ ಊರಿದ್ಯಲ್ಲ. ಹೇಗೆ ಊರಿದ್ರೇನು? ಏಳಕ್ಕಾಗದ ಹಾಗೆ ಸ್ವಾಮೀನೇ ಹಿಡ್ಕೊಂಡಿದಾನೆ ಅಂದ್ಕೊಂಡೆ. ಉಳಿದಿದ್ದು ಅವನು ನೋಡ್ಕೋತಾನೆ ಅಂತ ಸುಮ್ಮನಿದ್ದೆ." ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. "ಬಟ್ಟೆ ಯಾವುದು ಅಂತ ಮಾತ್ರ ಗೊತ್ತಿರ್ಲಿಲ್ಲ. ತುಂಡನ್ನ ಜೇಬಲ್ಲಿಟ್ಟು ಕೊಡಬೇಕು ಅಂತ ಕಲಿಸಿದ್ದೆ ನಿನಗೆ."

ಅಮ್ಮ ಮಗನನ್ನು ದಾಟಿಕೊಂಡು ಅಂಗಡಿಗೆ ಹೋಗಿ, ಹಳೆಯ ಮಿಷನ್ನಿನ ಮೇಲಿನ ಹೊದಿಕೆ ತೆಗೆದು, ಚಕ್ರಕ್ಕೆ ಎಣ್ಣೆ ಬಿಟ್ಟರು. "ಗೌನು ತರಿಸು," ಎಂದರು. ಹೆಂಡತಿ ಪ್ಯಾಂಟಿನ ಹೊಲಿಗೆ ಬಿಚ್ಚಿದಳು, ಮಗ ಕತ್ತರಿಸಿದ, ಅಮ್ಮ ತೋಳುಗಳಿಗೆ ಪಟ್ಟಿ ಕೊಟ್ಟು ಉದ್ದ ಮಾಡಿದರು. ಪ್ಯಾಂಟಿನ ಯಾವ ಭಾಗ ಯಾರ ತೋಳಿಗೆ ಹೋಯಿತು ಎಂದು ಕ್ವಾಯರಿನವರು ಕೇಳಲಿಲ್ಲ, ಕೇಳದಿದ್ದದ್ದೇ ಒಳ್ಳೆಯದಾಯಿತು.

ಪೆಟ್ಟಿಗೆಯ ತುಂಡುಗಳನ್ನು ಮಾಸ್ಟರು ಮನೆಮನೆಗೆ ಹೊತ್ತುಕೊಂಡು ಹೋದರು. ಕೆಲವರು ನಕ್ಕು ಕಾಫಿ ಕೊಟ್ಟರು. ಕೆಲವರು ಬೈದರು. ಬೂದು ಚೌಕಳಿಯ ಒಂದು ತುಂಡಿನ ಯಜಮಾನರು ತೀರಿಕೊಂಡಿದ್ದರು. ಅವರ ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ನೋಡಿ, ಒಂದು ಮಾತೂ ಆಡದೆ ಬಾಗಿಲು ಹಾಕಿಕೊಂಡರು. ಬೈಗುಳವೇ ಎಷ್ಟೋ ವಾಸಿ ಅನ್ನಿಸಿತು. ಗಿರಾಕಿಗಳು ಕತ್ತರಿಸುವ ಮೇಜಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂರುವ ಅಭ್ಯಾಸ ಮಾಡಿಕೊಂಡರು. ಮಾಸ್ಟರು ಆ ಕುರ್ಚಿಗೆ ಒಂದು ದಿಂಬು ಹೊಲಿದು ಹಾಕಿದರು. ಜೇಬಿನಲ್ಲಿ ತುಂಡು ಮಡಚಿಟ್ಟು ಕೊಡುವಾಗ ಈಗಲೂ ಅವರ ಕಿವಿ ಕೆಂಪಾಗುತ್ತದೆ. 'ನಾಳೆ' ಎಂಬ ಮಾತನ್ನು ಬಿಟ್ಟರಾ ಎಂದರೆ, ಅದನ್ನೂ ಒಪ್ಪಿಸಿದ್ದಾರೆ. ಆದರೆ ಆಗಾಗ ವಾಪಸ್ಸು ತೆಗೆದುಕೊಳ್ಳುತ್ತಾರೆ. ಇನ್ನು ಚರ್ಚಿನಲ್ಲಿ, ಗಂಟೆ ತಾತನ ಮಾತು ನಂಬಿ ಹಿಂದು ಹಿಂದಕ್ಕೆ ನಡೆದು ಹೊರಗೆ ಹೋಗುವುದನ್ನು ಕಲಿತ ಇಬ್ಬರು ಅಜ್ಜಿಯರಿದ್ದಾರೆ. ನಿಜ ಏನೆಂದು ಗೊತ್ತಾದ ಮೇಲೂ ಅವರು ಬಿಟ್ಟಿಲ್ಲ. "ಅವನ ಪ್ಯಾಂಟು ಹರಿದಿದ್ರೆ ಅದು ಅವನ ಹಣೆಬರಹ, ನಮ್ಮ ಭಕ್ತಿಗೇನಾಗಿದೆ?" ಎನ್ನುತ್ತಾರೆ.

ಕೆಲವು ವರ್ಷಗಳ ಮೇಲೆ ಆ ತೆಳ್ಳಗಿನ ಪ್ರಸಂಗಿ ಮತ್ತೆ ಬಂದರು. ಅವರಿಗೆ ನಡುವಿನ ಕತೆ ಯಾವುದೂ ತಿಳಿದಿರಲಿಲ್ಲ. ಆರಾಧನೆ ಮುಗಿದು ಜನ ಅಂಗಳದಲ್ಲಿ ನಿಂತಿದ್ದಾಗ ಬೋಳು ನೆತ್ತಿಯನ್ನು ಗುರುತು ಹಿಡಿದು, ಮಾಸ್ಟರ ಎರಡೂ ಕೈ ಹಿಡಿದುಕೊಂಡರು. ಪಕ್ಕದಲ್ಲಿ ಅಮ್ಮ, ಉದ್ದ ತೋಳಿನ ಗೌನಿನಲ್ಲಿ ಹೆಂಡತಿ.

"ಬ್ರದರ್, ನಿಮ್ಮನ್ನ ಮರೆತೇ ಇಲ್ಲ. ಅವತ್ತು ಎಷ್ಟು ಒದ್ದಾಡಿದ್ರಿ! ಈಗ ಹೇಳಿ, ಸ್ವಾಮಿಗೆ ಎಲ್ಲಾ ಬಿಟ್ಟುಕೊಟ್ರಾ? ಏನೂ ಉಳಿಸ್ಕೊಂಡಿಲ್ಲ ತಾನೆ?"

ಮಾಸ್ಟರು ಒಮ್ಮೆ ಅಮ್ಮನ ಕಡೆ ನೋಡಿದರು.

"ಒಂದು ಇಂಚು ಉಳಿಸ್ಕೊಂಡಿದೀನಿ ಸಾರ್," ಎಂದರು. "ಪ್ಯಾಂಟಿನ ಹಿಂದುಗಡೆ, ಹೊಲಿಗೆ ಒಳಗೆ. ಮಂಡಿ ಊರೋರಿಗೆ ಅಷ್ಟು ಬೇಕಾಗುತ್ತೆ."